ಕತ್ತಿನ ಶಸ್ತ್ರಚಿಕಿತ್ಸೆ: ಎಚ್ಚರವಿರುವಾಗಲೇ ಉಸಿರಿನ ಕೊಳವೆ ಏಕೆ?

ಕತ್ತಿನ ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆ ಎಂದೊಡನೆ ಮನೆಯವರ ಮೊದಲ ಪ್ರಶ್ನೆ, ‘ಕೈಕಾಲಿಗೆ ಶಕ್ತಿ ಬರುತ್ತದೆಯೇ?’ ಎಂಬುದು. ಆದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಇನ್ನೊಂದು ಸೂಕ್ಷ್ಮ ಘಟ್ಟವಿದೆ. ಅದು ಉಸಿರಾಟದ ದಾರಿಯನ್ನು ಕಾಪಾಡುವುದು.

ಪೂರ್ಣ ಅರಿವಳಿಕೆಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸಿದಾಗ ರೋಗಿಯ ಸ್ವಂತ ಉಸಿರಾಟ ನಿಲ್ಲುತ್ತದೆ. ಶ್ವಾಸನಾಳಕ್ಕೆ ಕೊಳವೆ ಇಳಿಸಿ ಯಂತ್ರದಿಂದ ಉಸಿರು ಕೊಡಬೇಕು. ಸಾಮಾನ್ಯವಾಗಿ ತಲೆಯನ್ನು ಹಿಂದಕ್ಕೆ ಬಾಗಿಸಿ ಈ ಕೊಳವೆ ಹಾಕುತ್ತಾರೆ. ಕತ್ತಿನಲ್ಲಿ ಬೆನ್ನುಹುರಿ ಈಗಾಗಲೇ ಒತ್ತಡಕ್ಕೆ ಸಿಕ್ಕಿದ್ದರೆ ಹಾಗೆ ಬಾಗಿಸುವುದೇ ಅಪಾಯ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇನ್ನೊಂದು ತೊಡಕೂ ಇದೆ. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೂ 1.5 ಮಿಲಿಗ್ರಾಂ ಮೀರಬಾರದು. ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ದೇಹ ಸೇರಿದರೆ ಬೆನ್ನೆಲುಬಿನ ಕಟ್ಟುಗಳಲ್ಲಿ ಸುಣ್ಣ ಸೇರಿ ಕತ್ತು ಬಿಗಿಯುತ್ತದೆ, ಬೆನ್ನುಹುರಿಯ ದಾರಿ ಕಿರಿದಾಗುತ್ತದೆ. ಅಂಥವರ ಕತ್ತು ಬಾಗದು, ಬಲವಂತವಾಗಿ ಬಾಗಿಸಲೂಬಾರದು.

ಆಗ ನೆರವಾಗುವ ಒಂದು ವಿಧಾನವೆಂದರೆ ಎಚ್ಚರವಿರುವಾಗಲೇ ಕೊಳವೆ ಹಾಕುವುದು. ಮೂಗು, ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಬೆಳಕಿರುವ ಬಳುಕುವ ಸಣ್ಣ ದರ್ಶಕದ ಮೂಲಕ ನೋಡುತ್ತ ಕೊಳವೆ ಇಳಿಸುತ್ತಾರೆ. ಕತ್ತು ಹೆಚ್ಚು ಅಲುಗಾಡುವುದಿಲ್ಲ, ಉಸಿರೂ ನಿಲ್ಲುವುದಿಲ್ಲ. ಸ್ವಲ್ಪ ಕೆಮ್ಮು, ಕಸಿವಿಸಿ ಆಗಬಹುದು. ಕೈಕಾಲು ಆಡುತ್ತಿವೆಯೇ ಎಂದು ನೋಡಿದ ಮೇಲೆಯೇ ನಿದ್ರೆ ಬರಿಸುತ್ತಾರೆ. ಇದಕ್ಕೆ ಹೆದರಿ ಊರಿಗೆ ಮರಳಬೇಡಿ. ಒತ್ತಡಕ್ಕೆ ಸಿಕ್ಕ ಬೆನ್ನುಹುರಿಗೆ ತಡವಾದಷ್ಟೂ ನಷ್ಟ ಹೆಚ್ಚು.

ಅರಿವಳಿಕೆ ತಜ್ಞರಿಗೆ ಏನನ್ನೂ ಮುಚ್ಚಿಡಬೇಡಿ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು, ಗೊರಕೆ, ಉಬ್ಬಸ, ಬೀಡಿ, ಗುಟ್ಕಾದಿಂದ ಬಾಯಿ ಅಗಲಿಸಲಾಗದಿರುವುದು, ಹಿಂದಿನ ಅರಿವಳಿಕೆಯಲ್ಲಿ ಆದ ತೊಂದರೆ, ಎಲ್ಲವನ್ನೂ ಹೇಳಿ. ಹೊಟ್ಟೆ ಖಾಲಿ ಇರಬೇಕೆಂದರೆ ಕದ್ದು ಕಾಫಿಯನ್ನೂ ಕೊಡಬೇಡಿ. ವಾಂತಿಯಾಗಿ ಅದು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ.

ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಗಂಟಲು ನೋವು, ಸ್ವರ ಒಡೆಯುವುದು ಸಾಮಾನ್ಯ. ಆದರೆ ಕತ್ತಿನ ಮುಂಭಾಗದಿಂದ ಶಸ್ತ್ರಚಿಕಿತ್ಸೆಯಾದವರಲ್ಲಿ ಒಳಗೆ ರಕ್ತ ಸೇರಿ ಅಥವಾ ಬಾವು ಬಂದು ಉಸಿರಿನ ದಾರಿ ಮುಚ್ಚಬಹುದು. ಮೊದಲ ದಿನ ವಿಶೇಷ ಎಚ್ಚರ ಬೇಕು. ಕತ್ತು ಊದಿಕೊಳ್ಳುವುದು, ಎಂಜಲು ನುಂಗಲಾಗದಿರುವುದು, ಮಲಗಲಾಗದೆ ಎದ್ದು ಕೂರುವುದು, ಉಸಿರಿನಲ್ಲಿ ಶಬ್ದ ಬರುವುದು, ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ಸರಿ, ತಕ್ಷಣ ನರ್ಸನ್ನು ಕರೆಯಿರಿ. ನೀರು ಕುಡಿಸಬೇಡಿ, ಬೆಳಗಾಗಲಿ ಎಂದು ಕಾಯಲೂಬೇಡಿ.