ಎರಡನೆಯ ಕಾಯಿ ಎಲ್ಲಿಡಬೇಕು?

ಧಾರೂರು, ತಾಂಡೂರು ಸೀಮೆಯ ಮನೆಗಳಲ್ಲಿ ನೆಲಕ್ಕೆ ಹಾಸುವ ಬೂದುನೀಲಿ ಬಂಡೆ ಚೌಕಾಬಾರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೀಮೆಸುಣ್ಣದಲ್ಲಿ ಐದಕ್ಕೈದು, ಒಟ್ಟು 25 ಮನೆ ಗೀಚಿದರೆ ಆಟ ಶುರು. ತೆಲುಗಿನವರಿಗೆ ಇದೇ ಅಷ್ಟಾ ಚೆಮ್ಮ. ನಾಲ್ಕು ಕವಡೆ ಬೀಸಬೇಕು. ಅಂಗಾತ ಬಿದ್ದಷ್ಟು ಗರ. ನಾಲ್ಕೂ ಅಂಗಾತವಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಈ ಎರಡಕ್ಕೂ ಮತ್ತೊಂದು ಬೀಸು ಸಿಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಸಾಮಾನ್ಯ ಕಟ್ಟಳೆ. ಆದ್ದರಿಂದ ಸಾಧುಗಳೂ ಇಲ್ಲಿ ಕಡಿಯಲೇಬೇಕು.

ನಾಲ್ಕು ಕವಡೆ ಬೀಳುವ ಬಗೆ 16. ಒಂದು ಗರಕ್ಕೆ ನಾಲ್ಕು ಬಗೆ, ಎರಡಕ್ಕೆ ಆರು, ಮೂರಕ್ಕೆ ನಾಲ್ಕು. ನಾಲ್ಕಕ್ಕೂ ಎಂಟಕ್ಕೂ ತಲಾ ಒಂದೇ. ವೈರಿ ಕಾಯಿ ಎರಡು ಮನೆ ಮುಂದಿದ್ದರೆ ಕಡಿಯುವ ಸಂಭವ 16ರಲ್ಲಿ 6. ಐದು ಮನೆ ಮುಂದಿದ್ದರೆ ನಾಲ್ಕು ಬಿದ್ದು, ಮರುಬೀಸಿಗೆ ಒಂದು ಬೀಳಬೇಕು: 64ರಲ್ಲಿ 1. ಅಂಥದ್ದಕ್ಕೆ ಕಾದು ಕೂರಬೇಡಿ.

ಈಗ ಎರಡು ಮನೆ ಮುಂದಿರುವ ವೈರಿಯ ಮೇಲಿನ ದಾಳಿಗೆ ಬಲ ಕೂಡಿಸಬೇಕು, ಎರಡನೆಯ ಕಾಯಿ ತರಬಹುದು. ಮೊದಲನೆಯದರ ಪಕ್ಕದಲ್ಲೇ, ಅದೇ ಮನೆಯಲ್ಲಿ ಕೂರಿಸಿದರೆ ಜೋಡಿ ಕಂಡು ಎದುರಾಳಿ ಹೆದರಿಯಾನು, ಆದರೆ ಲೆಕ್ಕ ಕದಲುವುದಿಲ್ಲ. ಎರಡಕ್ಕೂ ಬೇಕಾದದ್ದು ಅದೇ ಎರಡರ ಗರ. ಸಂಭವ 16ರಲ್ಲಿ 6 ಆಗಿಯೇ ಉಳಿಯಿತು. ಅದನ್ನೇ ಒಂದು ಮನೆ ಹಿಂದೆ ಅಥವಾ ಮುಂದೆ ನಿಲ್ಲಿಸಿ: 16ರಲ್ಲಿ 10. ಮೂರನೆಯ ಕಾಯಿಯೂ ಉಳಿದ ದೂರಕ್ಕೆ ಬಂದು ನಿಂತರೆ 14. ಎದುರಾಳಿ ಕಟ್ಟೆಯ ಮೇಲೆ, ಅಂದರೆ ಕಡಿಯುವಂತಿಲ್ಲದ ಮನೆಯಲ್ಲಿ, ಇದ್ದರೆ ಮಾತ್ರ ಈ ಲೆಕ್ಕವೆಲ್ಲ ನೀರುಪಾಲು.

1983ರಲ್ಲಿ ಬ್ರಿಟನ್ನಿನಲ್ಲಿ ಬಂದ ವಾರ್‌ಹ್ಯಾಮರ್‌ನಂಥ ಪುಟ್ಟ ಸೈನಿಕರ ಆಟಗಳಲ್ಲೂ ಬಲ ಹೇಗೆ ಕೂಡಿಸಬೇಕೆಂಬ ಇದೇ ತಲೆಬಿಸಿ. ಆರು ಮುಖದ ದಾಳ. ಗುರಿಗೆ ಆರೇ ಬೀಳಬೇಕು ಎನ್ನಿ. ಬಿದ್ದದ್ದಕ್ಕೆ ಒಂದು ಕೂಡಿಸುವ ವರ ಬೇಕೋ, ತಪ್ಪಿದರೆ ಮತ್ತೆ ಎಸೆಯುವ ವರ ಬೇಕೋ? ಕೂಡಿಸಿದರೆ 36ರಲ್ಲಿ 12, ಮತ್ತೆ ಎಸೆದರೆ 11. ಐದೋ ಆರೋ ಸಾಕೆಂದಾದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ: ಕೂಡಿಸಿದರೆ 18, ಮತ್ತೆ ಎಸೆದರೆ 20. ಯಾವುದು ಮೇಲು ಎಂಬುದನ್ನು ನಿರ್ಧರಿಸುವುದು ವರವಲ್ಲ, ಗುರಿ ಎಷ್ಟು ಕಷ್ಟದ್ದು ಎಂಬುದು.

ಆದರೆ ಕವಡೆ ದಾಳದಷ್ಟು ನಿಷ್ಪಕ್ಷಪಾತಿಯಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳುಬಾಯಿ. ಎರಡೂ ಸಮಸಮ ಬೀಳಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ನಿಮ್ಮ ಮನೆಯ ಕವಡೆ ಹತ್ತರಲ್ಲಿ ನಾಲ್ಕು ಸಲ ಮಾತ್ರ ಅಂಗಾತ ಬೀಳುವಂಥದ್ದು ಎನ್ನೋಣ. ಆಗ ಒಂದು ಮತ್ತು ಎರಡರ ಸಂಭವ ಒಂದೇ, ಸುಮಾರು ಶೇ. 35. ಮೂರು ಶೇ. 15ಕ್ಕೆ ಇಳಿಯುತ್ತದೆ. ನಾಲ್ಕು ಶೇ. 2.6, ಎಂಟು ಶೇ. 13, ಐದು ಪಟ್ಟು! ಇಂಥ ಕವಡೆಯಲ್ಲಿ ಆಡುವಾಗ ನಿಮ್ಮ ಕಾಯಿಗೆ ನಾಲ್ಕು ಮನೆ ಹಿಂದೆ ಕೂತವನಿಗಿಂತ ಎಂಟು ಮನೆ ಹಿಂದಿನವನೇ ಹೆಚ್ಚು ಅಪಾಯಕಾರಿ.