ಬ್ರಷ್ ಕಂಡರೆ ಬಾಯಿ ಮುಚ್ಚುವ ಮಗು

ಆಟಿಸಂ ಇರುವ ಮಗುವಿನ ಹಲ್ಲು ಎಲ್ಲ ಮಕ್ಕಳ ಹಲ್ಲಿನಂಥದ್ದೇ. ತೊಡಕಿರುವುದು ಉಜ್ಜುವುದರಲ್ಲಿ. ಬ್ರಷ್ಷಿನ ಎಳೆ ಒಸಡಿಗೆ ತಾಗಿದರೆ ಕೆಲವರಿಗೆ ಸಹಿಸಲಾಗದು. ಪೇಸ್ಟಿನ ಪುದೀನ ಖಾರ, ನೊರೆ ಇನ್ನೂ ಹಿಂಸೆ. ಸ್ಪರ್ಶ, ರುಚಿ, ಸದ್ದು ಹೀಗೆ ಅತಿಯಾಗಿ ತಟ್ಟುವುದನ್ನು ಸೆನ್ಸರಿ ತೊಂದರೆ ಎನ್ನುತ್ತಾರೆ. ಅದು ಹಟವಲ್ಲ. ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ, ಸಿಹಿ ಸಿರಪ್ ಜೊತೆಗೂಡಿದರೆ ಹುಳುಕು ಬೇಗ ಹಿಡಿಯುತ್ತದೆ.

ಮೊದಲು ಬ್ರಷ್ಷನ್ನು ಮಗುವಿನ ಕೈಗೇ ಕೊಡಿ. ಕೆಲವು ದಿನ ತುಟಿಗೆ ಮುಟ್ಟಿಸಿ ಬಿಡಿ. ಆಮೇಲೆ ಮುಂದಿನ ಹಲ್ಲು, ಕೊನೆಗೆ ದವಡೆ ಹಲ್ಲು. ಹತ್ತರವರೆಗೆ ಎಣಿಸುತ್ತಾ ಉಜ್ಜಿ, ಹತ್ತಕ್ಕೆ ನಿಲ್ಲಿಸಿಬಿಡಿ. "ಇನ್ನೊಂಚೂರು" ಎಂದಿರೋ, ನಾಳೆ ಬಾಯಿ ತೆರೆಯುವುದಿಲ್ಲ. ಬಚ್ಚಲಲ್ಲೇ ಆಗಬೇಕೆಂದೇನಿಲ್ಲ. ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿಕೊಂಡರೆ ಒಳಗಿನ ಹಲ್ಲೂ ಚೆನ್ನಾಗಿ ಕಾಣುತ್ತದೆ.

"ನಮ್ಮ ಬೋರ್ ನೀರಲ್ಲೇ ಫ್ಲೋರೈಡ್ ಇದೆಯಲ್ಲ, ಪೇಸ್ಟಲ್ಲೂ ಬೇಕೆ?" ಹೊಸೂರು, ಕೃಷ್ಣಗಿರಿ ಕಡೆಯವರು ಹೀಗೆ ಕೇಳುವುದು ನ್ಯಾಯವೇ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದ್ದರಿಂದಲೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. ಹಲ್ಲಿನ ಮೇಲೆ ಹಚ್ಚಿದ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ. ಆದರೆ ಸುಮಾರು 8 ವರ್ಷದೊಳಗೆ ಅದು ಹೆಚ್ಚಾಗಿ ಹೊಟ್ಟೆಗೆ ಹೋದರೆ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಕಲೆ ಮೂಡುತ್ತದೆ. ಇದೇ ಫ್ಲೋರೋಸಿಸ್. ಉಗುಳಲು ಬಾರದ ಮಗು ಪೇಸ್ಟನ್ನೂ ನುಂಗುತ್ತದೆಂಬುದು ನೆನಪಿರಲಿ. ಆದ್ದರಿಂದ ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; 1.5 ದಾಟಿದರೆ ಕುಡಿಯಲು ಬೇಡ. ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಅದರ ಅಂಶ ಹೆಚ್ಚುತ್ತದೆ. ಪೇಸ್ಟ್ 3 ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಸಾಕು. ಉಗುಳಲು ಬಾರದಿದ್ದರೆ ಅಕ್ಕಿಕಾಳಿನಲ್ಲೇ ನಿಲ್ಲಿಸಿ, ದಂತವೈದ್ಯರನ್ನು ಕೇಳಿ.

ಮಾತು ಬಾರದ ಮಗು ಹಲ್ಲುನೋವನ್ನು ಹೇಳದು. ಕೆನ್ನೆಗೆ ಹೊಡೆದುಕೊಳ್ಳುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ, ರಾತ್ರಿ ಎದ್ದು ಕೂರುತ್ತದೆ. "ಆಟಿಸಂ ಜಾಸ್ತಿಯಾಯ್ತು" ಎನ್ನುವ ಮುಂಚೆ ಬಾಯಿ ತೋರಿಸಿ.

ವೈದ್ಯರಲ್ಲಿ ದಿನದ ಮೊದಲ ಸರದಿ ಕೇಳಿ. ಕಾಯುವುದು, ಗದ್ದಲ ಎರಡೂ ತಪ್ಪುತ್ತವೆ. ಮೊದಲ ಸಲ ಕುರ್ಚಿಯಲ್ಲಿ ಕೂತು ಬಂದರೂ ಸಾಕು. ನಮ್ಮ ಹೊಸೂರು ಕಡೆ ಮನೆಯಲ್ಲಿ ಕನ್ನಡವೋ ತೆಲುಗೋ, ಕ್ಲಿನಿಕ್ಕಿನಲ್ಲಿ ತಮಿಳು. "ಆ ಅನ್ನು", "ಆಯ್ತು" ಎಂಬ ಮನೆಮಾತನ್ನೇ ಡಾಕ್ಟರಿಗೂ ಹೇಳಿಕೊಡಿ. ಕೊರೆಯುವ ಯಂತ್ರಕ್ಕೆ ಹೆದರುವವರಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವಿದೆ. ಹಚ್ಚಿದರೆ ಹುಳುಕು ಮುಂದುವರಿಯುವುದನ್ನು ತಡೆಯುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ತುಂಬ ಹಲ್ಲು ಕೆಟ್ಟಿದ್ದರೆ ಜನರಲ್ ಅನಸ್ತೇಷಿಯಾ, ಅಂದರೆ ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲ ಸರಿಮಾಡುತ್ತಾರೆ. ಖಾಸಗಿಯಲ್ಲಿ ಇದು ದುಬಾರಿ. ಅಂದಾಜನ್ನು ಮೊದಲೇ ಬರೆಸಿಕೊಳ್ಳಿ.

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ಸರ್ಕಾರಿ ದಂತ ಕಾಲೇಜಿದೆ. ಹೊಸೂರಿನಿಂದ ಸುಮಾರು 40 ಕಿ.ಮೀ. ಅಲ್ಲಿ ಪೆಡೋಡಾಂಟಿಕ್ಸ್, ಅಂದರೆ ಮಕ್ಕಳ ಹಲ್ಲಿನ ವಿಭಾಗ ಕೇಳಿ.

ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಆಟಿಸಂ ಇರುವವರಿಗೂ ಸಿಗುತ್ತದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಹಲ್ಲಿಗೆ ಅದರಲ್ಲಿ ಸಣ್ಣ ಪಾಲಷ್ಟೇ. ದುಡ್ಡು ಮೊದಲು ನೀವೇ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು, ಹಾಗಾಗಿ ಬಿಲ್ಲು, ಚೀಟಿ ಯಾವುದನ್ನೂ ಎಸೆಯಬೇಡಿ.