ಯಂತ್ರಮಲ್ಲರ ವಿದ್ಯುದ್ಬಲ

೧೯೯೪ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ‘ರೋಬಾಟ್ ವಾರ್ಸ್’ ಎಂಬ ಯಂತ್ರಕಾಳಗವು ಮೊದಲಾಯಿತು. ಇಂತಹ ಕಾಳಗದಲ್ಲಿ ಯಂತ್ರಮಲ್ಲನು ಸೋಲುವುದು ಎದುರಾಳಿಯ ಪೆಟ್ಟಿನಿಂದ ಮಾತ್ರವೇ ಅಲ್ಲ. ಮೋಟಾರು, ಬ್ಯಾಟರಿ, ವೇಗನಿಯಂತ್ರಕ ಇವುಗಳ ಹೊಂದಿಕೆ ತಪ್ಪಿದರೆ ತನ್ನೊಳಗಿನ ಕಾವಿನಿಂದಲೇ ಸುಟ್ಟುಹೋಗುವುದೂ ಉಂಟು.

ಇದಕ್ಕೆ ಕಾರಣವೇನೆಂದರೆ, ತಿರುಗುತ್ತಿರುವ ಮೋಟಾರು ತಾನೇ ಒಂದು ಪ್ರತಿವೋಲ್ಟೇಜನ್ನು ಹುಟ್ಟಿಸಿ ಪ್ರವಾಹವನ್ನು ತಡೆಯುತ್ತದೆ. ಎದುರಾಳಿಯನ್ನು ಗೋಡೆಗೊತ್ತಿದಾಗ ಚಕ್ರವು ನಿಂತುಹೋದರೆ ಈ ತಡೆಯು ಇಲ್ಲವಾಗುತ್ತದೆ. ಸುರುಳಿಯ ರೋಧವೇ ಮುಖ್ಯವಾದ ಮಿತಿಯಾಗಿ ಉಳಿಯುತ್ತದೆ. ಒಟ್ಟು ರೋಧವು ೦.೧ ಓಮ್ ಆಗಿದ್ದರೆ ೧೨ ವೋಲ್ಟಿಗೆ ೧೨೦ ಆಂಪಿಯರೂ ೨೪ ವೋಲ್ಟಿಗೆ ೨೪೦ ಆಂಪಿಯರೂ ಹರಿಯುವುವು. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಆದಕಾರಣ ನಿಯಂತ್ರಕವನ್ನು ಸಾಮಾನ್ಯವಾದ ಓಟದ ಪ್ರವಾಹಕ್ಕಲ್ಲ, ಈ ಸ್ತಂಭನಪ್ರವಾಹಕ್ಕೆ ತಕ್ಕಂತೆ ಆರಿಸತಕ್ಕುದು. ಇಲ್ಲವೆ ಪ್ರವಾಹಕ್ಕೆ ತಾನೇ ಮಿತಿಯನ್ನಿಡುವಂತಹುದನ್ನು ಆರಿಸತಕ್ಕುದು.

ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟೇಜೂ ಪೂರ್ಣಸತ್ಯವಲ್ಲ. ಆರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿಗೆ ೨೨.೨ ವೋಲ್ಟೆಂದು ಹೆಸರಿದ್ದರೂ ತುಂಬಿದಾಗ ಅದು ೨೫.೨ ವೋಲ್ಟಿಗೆ ಏರುತ್ತದೆ. ೨೪ ವೋಲ್ಟನ್ನಷ್ಟೇ ತಾಳುವ ನಿಯಂತ್ರಕವು ಇದರಿಂದ ಕಾಳಗಕ್ಕೆ ಮುನ್ನವೇ ಕೆಡಬಹುದು.

ವೋಲ್ಟೇಜು ಹೆಚ್ಚಿದಷ್ಟೂ ಮೋಟಾರಿನ ವೇಗವು ಹೆಚ್ಚುವುದು ನಿಜ. ಆದರೆ ಹಲ್ಲುಚಕ್ರಗಳಿಂದ ಆ ವೇಗವನ್ನು ತಗ್ಗಿಸಿ, ಮೋಟಾರು ನಿಲ್ಲುವ ಮೊದಲೇ ಗಾಲಿಗಳು ನೆಲದ ಮೇಲೆ ಜಾರುವಂತೆ ಅಳವಡಿಸಿದರೆ ಮೂರು ಅಂಗಗಳೂ ಉಳಿದುಕೊಳ್ಳುವುವು.